ವಾರಂಟಿ ಮುಗಿದ ಮರುದಿನವೂ ಹಕ್ಕು ನಿಮ್ಮದೇ
ಕೊಹಿನೂರ ಹೋಬಳಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡ ಪ್ರತಿ ಮನೆಗೂ ಒಂದು ಕರೆ

ಕೊಹಿನೂರ ಮತ್ತು ಸುತ್ತಲಿನ ಹಳ್ಳಿಗಳ ತಾಯಿ-ತಂದೆಯರೇ, ಬಸವಕಲ್ಯಾಣಕ್ಕೂ ಹುಮನಾಬಾದಕ್ಕೂ ಬಸ್ಸು ಹಿಡಿದು ಕಾಲೇಜಿಗೆ ಹೋಗುವ ಮಕ್ಕಳೇ, ಝೆರಾಕ್ಸ್-ಆನ್‌ಲೈನ್ ಅಂಗಡಿ ನಡೆಸುವ ಅಣ್ಣತಮ್ಮಂದಿರೇ,

ಈ ಕಾಗದವನ್ನು ದಯವಿಟ್ಟು ಬಿಸಾಕಬೇಡಿ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಅದರ ಬಿಲ್ಲಿನ ಜೊತೆ ಮಡಚಿ ಇಡಿ. ಬಿಲ್ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಹುಡುಕಿ, ಆಮೇಲೆ ಇದನ್ನು ಓದಿ.

ನಮ್ಮದು ಒಕ್ಕಲುತನದ ಮನೆ. ಸೋಯಾ ಮಾರಿ ಬಂದ ದುಡ್ಡಿನಲ್ಲಿ 41,500 ರೂಪಾಯಿ ಕೊಟ್ಟು ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಿದ್ದೆ. ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದಳು. ಒಂದು ವರ್ಷ ಹತ್ತೊಂಬತ್ತು ದಿನ ಸರಿಯಾಗಿ ನಡೆಯಿತು. ಮಾರನೆಯ ಬೆಳಿಗ್ಗೆ ಕರಿ ಪರದೆಯ ಮೇಲೆ ಒಂದೇ ಸಾಲು ಬಂತು: ಬೂಟ್ ಡಿವೈಸ್ ಸಿಗುತ್ತಿಲ್ಲ. ಒಳಗಿನ ಡಿಸ್ಕ್ ಸತ್ತಿತ್ತು. ಮೂರು ಸೆಮಿಸ್ಟರಿನ ನೋಟ್ಸ್ ಹೋದವು, ಅರ್ಧ ಬರೆದ ಪ್ರಾಜೆಕ್ಟ್ ಹೋಯಿತು. ನಮ್ಮ ತಾಯಿ ತೀರಿಕೊಳ್ಳುವ ಮೊದಲು ಮೊಮ್ಮಗಳ ಮುಂದೆ ಕೂತು ಹಾಡಿದ್ದ ಬೀಸುವ ಪದಗಳೂ ಅದರೊಳಗೇ ಇದ್ದವು. “ಅಪ್ಪಾ, ಆಯಿ ಹಾಡೂ ಹೋದ್ವಾ?” ಎಂದು ಮಗಳು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನ ಹುಡುಗ ಸೀರಿಯಲ್ ನಂಬರ್ ಹೊಡೆದು ನೋಡಿ, “ಕಾಕಾ, ವಾರಂಟಿ ಮುಗದದ. ಈಗ ನಮ್ ಕೈಯಾಗ ಏನೂ ಇಲ್ರಿ” ಅಂದ. ಹೊಸ ಡಿಸ್ಕಿಗೆ ದುಡ್ಡು ಕಟ್ಟಿದೆ. ಹಳೇ ಡಿಸ್ಕನ್ನು ಅಲ್ಲೇ ಬಿಟ್ಟು ಬಂದೆ. ಒಂದು ಚೀಟಿಯನ್ನೂ ಬರೆಸಿಕೊಳ್ಳಲಿಲ್ಲ. ವಾರಂಟಿ ಮುಗಿದ ಮೇಲೆ ಮಾತಾಡುವ ಹಕ್ಕು ನನಗಿಲ್ಲ ಎಂದೇ ನಂಬಿದ್ದೆ. ಆ ನಂಬಿಕೆ ತಪ್ಪು ಎಂದು ತಿಳಿಯುವ ಹೊತ್ತಿಗೆ ನನ್ನ ಕೈಯಲ್ಲಿ ಸಾಕ್ಷಿ ಎನ್ನುವುದು ಏನೂ ಉಳಿದಿರಲಿಲ್ಲ. ನಿಮಗೆ ಹಾಗಾಗಬಾರದು ಎಂದು ಇದನ್ನು ಅಚ್ಚು ಹಾಕಿಸಿದ್ದೇನೆ.

ಒಂದು ವರ್ಷ ಎಂಬ ಲೆಕ್ಕ ಎಲ್ಲಿಂದ ಬಂತು?

ಡಿಸ್ಕ್ ಒಂದೇ ವರ್ಷ ಬಾಳುವ ವಸ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂಗಡಿಯಲ್ಲಿ ಬಿಡಿಯಾಗಿ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್ ಕೊಂಡರೆ ಹೆಸರುವಾಸಿ ಕಂಪನಿಗಳು 3 ವರ್ಷ, ಎಷ್ಟೋ ಮಾದರಿಗಳಿಗೆ 5 ವರ್ಷ ವಾರಂಟಿ ಕೊಡುತ್ತವೆ. ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ, ಯಾವ ಅಂಗಡಿಯಲ್ಲಾದರೂ ಕೈಗೆತ್ತಿಕೊಂಡು ನೋಡಿ. ಅಂಥದೇ ಡಿಸ್ಕ್ ಲ್ಯಾಪ್‌ಟಾಪಿನ ಹೊಟ್ಟೆಗೆ ಸೇರಿ ಬಂದಾಗ, ಲ್ಯಾಪ್‌ಟಾಪಿನ ವಾರಂಟಿ ಎಷ್ಟೋ ಡಿಸ್ಕಿನದೂ ಅಷ್ಟೇ ಆಗುತ್ತದೆ. ನಾವು ಕೊಳ್ಳುವ ಹೆಚ್ಚಿನ ಲ್ಯಾಪ್‌ಟಾಪ್‌ಗಳಿಗೆ ಅದು ಒಂದು ವರ್ಷ. ಡಿಸ್ಕ್ ತಯಾರಿಸಿದ ಕಂಪನಿಯನ್ನು ಕೇಳಿದರೆ, ಇದು ಲ್ಯಾಪ್‌ಟಾಪ್ ಕಂಪನಿಗೆ ಸಗಟು ಮಾರಿದ ಮಾಲು, ಅವರನ್ನೇ ಕೇಳಿ ಎನ್ನುತ್ತದೆ. ಲ್ಯಾಪ್‌ಟಾಪ್ ಕಂಪನಿ ಅವಧಿ ಮುಗಿದಿದೆ ಎನ್ನುತ್ತದೆ. ನಡುವೆ ಸಿಕ್ಕಿಕೊಳ್ಳುವವರು ನಾವು.

2011ರ ಸಂಗತಿ ಕೇಳಿ. ಆ ವರ್ಷ ಥಾಯ್ಲೆಂಡಿನಲ್ಲಿ ದೊಡ್ಡ ನೆರೆ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿದವು, ಬೆಲೆ ಏರಿತು. ವರ್ಷದ ಕೊನೆಯಲ್ಲಿ ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ಎರಡೂ ತಮ್ಮ ಹಲವು ಡಿಸ್ಕ್‌ಗಳ ವಾರಂಟಿಯನ್ನು ಕಡಿಮೆ ಮಾಡಿದವು. ಸೀಗೇಟ್ ಕೆಲವನ್ನು 1 ವರ್ಷಕ್ಕೆ ತಂದಿತು. ವೆಸ್ಟರ್ನ್ ಡಿಜಿಟಲ್ ಕೆಲವನ್ನು 3 ವರ್ಷದಿಂದ 2ಕ್ಕೆ ಇಳಿಸಿತು. ಡಿಸೆಂಬರಿನಲ್ಲಿ ಮಾರಿದ ಡಿಸ್ಕಿನ ಆಯುಷ್ಯ ಜನವರಿಗೆ ಕುಗ್ಗಿತೇ? ವಾರಂಟಿಯ ತಾರೀಖನ್ನು ಬರೆಯುವುದು ವ್ಯಾಪಾರದ ಲೆಕ್ಕ ನೋಡುವವರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನೊಂದು ಲೆಕ್ಕ ಇದೆ, ಇದು ನನ್ನ ಕಣ್ಣು ತೆರೆಸಿತು. ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಕಂಪನಿ ಜನರ ಕಡತಗಳನ್ನು ಕಾಯ್ದಿಡುವ ಕೆಲಸ ಮಾಡುತ್ತದೆ. ಅದು ತನ್ನಲ್ಲಿ ಹಗಲೂ ರಾತ್ರಿ ತಿರುಗುತ್ತಿದ್ದ ಸುಮಾರು 25,000 ಹಾರ್ಡ್ ಡಿಸ್ಕ್‌ಗಳ ನಾಲ್ಕು ವರ್ಷದ ಲೆಕ್ಕವನ್ನು 2013ರಲ್ಲಿ ಹೊರಗಿಟ್ಟಿತು. ಮೊದಲ ಒಂದೂವರೆ ವರ್ಷದಲ್ಲಿ ವರ್ಷಕ್ಕೆ ನೂರಕ್ಕೆ 5ರಷ್ಟು ಡಿಸ್ಕ್‌ಗಳು ಕೆಟ್ಟವು. ಮುಂದಿನ ಒಂದೂವರೆ ವರ್ಷದಲ್ಲಿ ಆ ಸಂಖ್ಯೆ 1.4ಕ್ಕೆ ಇಳಿಯಿತು. ಮೂರು ವರ್ಷ ದಾಟಿದ ಮೇಲೆ ಸುಮಾರು 12ಕ್ಕೆ ಏರಿತು. ಕೊನೆಯ ಏರಿಕೆ ಸವೆತದ್ದು, ಮುದಿತನದ್ದು. ಮೊದಲಿನದು ತಯಾರಿಕೆಯಲ್ಲೇ ಉಳಿದ ಊನದ್ದು. ಅಂದರೆ ಕಾರ್ಖಾನೆಯ ತಪ್ಪು ಹೊರಬೀಳುವ ಕಾಲ ಒಂದೂವರೆ ವರ್ಷದವರೆಗೂ ಚಾಚಿತ್ತು. ನಮ್ಮ ವಾರಂಟಿ ಹನ್ನೆರಡನೇ ತಿಂಗಳಿಗೆ ಮುಗಿಯುತ್ತದೆ. ಉಳಿದ ಆರು ತಿಂಗಳು ಕಾರ್ಖಾನೆಯ ತಪ್ಪಿಗೆ ದಂಡ ಕಟ್ಟುವವರು ಸೋಯಾ ಮಾರಿದವರು, ತೊಗರಿ ಮಾರಿದವರು, ಮಗಳ ಫೀಸಿಗೆ ಸಾಲ ತಂದವರು. ಅವು ದೊಡ್ಡ ಯಂತ್ರಶಾಲೆಯ ತಿರುಗುವ ಡಿಸ್ಕ್‌ಗಳು, ನಮ್ಮ ಲ್ಯಾಪ್‌ಟಾಪಿನಲ್ಲಿರುವುದು ಹೆಚ್ಚಾಗಿ ಎಸ್‌ಎಸ್‌ಡಿ ಎಂಬುದು ನನಗೆ ಗೊತ್ತಿದೆ. ಆದರೂ ಹದಿಮೂರನೇ ತಿಂಗಳಿಗೆ ಸತ್ತ ಡಿಸ್ಕನ್ನು ವಯಸ್ಸಾಗಿ ಸತ್ತಿದೆ ಎಂದು ನಾನು ಒಪ್ಪಲಾರೆ.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ಹಾಗಾಗಿ ಕೆಡುವುದೇ ಇಲ್ಲ ಎಂದು ಅಂಗಡಿಯವರು ಹೇಳುವುದುಂಟು. ಆದರೆ 2019ರ ನವೆಂಬರಿನಲ್ಲಿ ಎಚ್‌ಪಿಇ ಕಂಪನಿ ತನ್ನ ಸರ್ವರ್‌ಗಳಲ್ಲಿದ್ದ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ತಾನೇ ಎಚ್ಚರಿಕೆ ಹೊರಡಿಸಿತು. ಡಿಸ್ಕನ್ನು ನಡೆಸುವ ಫರ್ಮ್‌ವೇರ್ ಎಂಬ ಒಳಗಿನ ಸಾಫ್ಟ್‌ವೇರಿನ ತಪ್ಪಿನಿಂದ ಅವು ಸರಿಯಾಗಿ 32,768 ಗಂಟೆ ನಡೆದ ಮೇಲೆ, ಅಂದರೆ 3 ವರ್ಷ 270 ದಿನ 8 ಗಂಟೆಗೆ, ಒಳಗಿದ್ದದ್ದನ್ನೆಲ್ಲ ಕಳೆದುಕೊಂಡು ನಿಂತುಬಿಡುತ್ತಿದ್ದವು. ತಪ್ಪು ಮೊದಲ ದಿನದಿಂದಲೇ ಒಳಗಿತ್ತು, ಹೊರಗೆ ಕಂಡದ್ದು ವರ್ಷಗಳ ಮೇಲೆ. ಗೋಡೆಯೊಳಗಿನ ಗೆದ್ದಲಿನ ಹಾಗೆ. ಕಾನೂನಿನವರು ಇದನ್ನು ಸುಪ್ತ ದೋಷ ಎನ್ನುತ್ತಾರೆ. ಈ ಎರಡು ಪದ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಯ್ದೆ ಏನು ಹೇಳುತ್ತದೆ?

2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ದೋಷ ಎಂದರೇನು ಎಂದು ಹೇಳುವಾಗ ಬರೆದು ಕೊಟ್ಟ ಒಪ್ಪಂದದ ಜೊತೆಗೆ ಬರೆಯದೆಯೂ ಇರುವ ಒಪ್ಪಂದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ವಾರಂಟಿ ಕಾರ್ಡು ಬರೆದು ಕೊಟ್ಟ ಮಾತು. ನಲವತ್ತು ಸಾವಿರ ಕೊಟ್ಟು ಕೊಂಡ ಯಂತ್ರ ನಾಲ್ಕಾರು ವರ್ಷ ನಡೆಯಬೇಕು ಎಂಬುದು ಕೊಡುವವರಿಗೂ ಕೊಳ್ಳುವವರಿಗೂ ಗೊತ್ತಿದ್ದ ಮಾತು. 1930ರ ಸರಕು ಮಾರಾಟ ಕಾಯ್ದೆಯೂ ಮಾರಿದ ಮಾಲು ಮಾರಾಟಕ್ಕೆ ಯೋಗ್ಯವಾದ ಗುಣಮಟ್ಟದ್ದಾಗಿರಬೇಕು ಎನ್ನುತ್ತದೆ.

ದೂರು ಕೊಡಲು ಇರುವ ಗಡುವು ವಾರಂಟಿಯ ತಾರೀಖಿಗೆ ಕಟ್ಟಿಕೊಂಡದ್ದಲ್ಲ. ತಕರಾರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ ಎಂದು 69ನೇ ಕಲಮು ಹೇಳುತ್ತದೆ. ಬೀದರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ನೀವೇ ದೂರು ಬರೆದು ಕೊಡಬಹುದು, ವಕೀಲರು ಬೇಕೇಬೇಕೆಂದಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವೂ ಇಲ್ಲ. ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ, ದಿಲ್ಲಿಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕುವ ಹಕ್ಕನ್ನು ಈ ಕಾಯ್ದೆ ಕೊಟ್ಟಿದೆ. ಕೊಹಿನೂರದಲ್ಲಿ ಕೂತವರಿಗೆ ಇದು ದೊಡ್ಡ ಅನುಕೂಲ. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ದಾಖಲಿಸಬಹುದು, ವಿಡಿಯೋ ಮೂಲಕ ಹಾಜರಾಗುತ್ತೇನೆ ಎಂದು ಅರ್ಜಿಯನ್ನೂ ಕೊಡಬಹುದು.

ಆಯೋಗಕ್ಕೆ ಹೋದವರೆಲ್ಲ ಗೆಲ್ಲುತ್ತಾರೆ ಎಂದು ನಾನು ಸುಳ್ಳು ಹೇಳುವುದಿಲ್ಲ. ವಾರಂಟಿ ಮುಗಿದ ಮೇಲೆ ಇದು ತಯಾರಿಕೆಯಲ್ಲೇ ಉಳಿದ ಸುಪ್ತ ದೋಷ ಎಂದು ತೋರಿಸುವ ಭಾರ ನಮ್ಮ ಮೇಲೆ ಬೀಳುತ್ತದೆ. ಬಳಸಿದವರೇ ಕೆಡಿಸಿದ್ದಾರೆ ಎಂದು ಕಂಪನಿ ವಾದಿಸುತ್ತದೆ. ಅದಕ್ಕೇ ಸತ್ತ ಡಿಸ್ಕ್ ನಿಮ್ಮ ಹತ್ತಿರ ಇರಬೇಕು. ಅಗತ್ಯ ಬಿದ್ದರೆ ಅದನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸುವ ಅಧಿಕಾರ ಆಯೋಗಕ್ಕಿದೆ. ನಾನು ಕೌಂಟರಿನ ಮೇಲೆ ಬಿಟ್ಟು ಬಂದದ್ದು ಅದೇ ಸಾಕ್ಷಿಯನ್ನು.

ಹಾಗಾಗಿ ಡಿಸ್ಕ್ ಕೆಟ್ಟ ದಿನ ಹೀಗೆ ಮಾಡಿ. ಲ್ಯಾಪ್‌ಟಾಪನ್ನು ಊರಿನಲ್ಲಿ ಯಾರ ಕೈಯಲ್ಲೂ ಬಿಚ್ಚಿಸಬೇಡಿ. ಪರದೆಯ ಮೇಲೆ ಬಂದ ಸಾಲಿನ ಫೋಟೋ ತೆಗೆದುಕೊಳ್ಳಿ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೂಡಲೇ ಆಫ್ ಮಾಡಿ, ಮತ್ತೆ ಮತ್ತೆ ಆನ್ ಮಾಡಿದಷ್ಟೂ ಒಳಗಿನ ಡಾಟಾ ಹಾಳಾಗುತ್ತದೆ. ಸರ್ವಿಸ್ ಸೆಂಟರಿನಲ್ಲಿ ಜಾಬ್ ಶೀಟ್ ಕೇಳಿ, ಯಾವ ಭಾಗ ಕೆಟ್ಟಿದೆ, ಅದರ ಸೀರಿಯಲ್ ನಂಬರ್ ಏನು, ರಿಪೇರಿ ಮಾಡಿಕೊಡಲು ಏಕೆ ಒಪ್ಪುತ್ತಿಲ್ಲ ಎಂದು ಬರೆದು ಸಹಿ ಮಾಡಿಸಿಕೊಳ್ಳಿ. ದುಡ್ಡು ಕಟ್ಟಿ ಹೊಸ ಡಿಸ್ಕ್ ಹಾಕಿಸಿದರೆ ಹಳೆಯದನ್ನು ವಾಪಸ್ ಇಸಿದುಕೊಳ್ಳಿ, ಅದರೊಳಗಿನ ನಿಮ್ಮ ಮನೆಯ ಫೋಟೋಗಳೂ ಆಧಾರ್ ಪ್ರತಿಗಳೂ ಬೇರೆಯವರ ಕೈಗೆ ಹೋಗಬಾರದು. ಅಲ್ಲಿಂದ ಹೊರಗೆ ಬಂದ ಕೂಡಲೇ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 8800001915ಕ್ಕೆ ವಾಟ್ಸಾಪ್ ಕೂಡ ಮಾಡಬಹುದು. ಅವರು ಕೊಡುವ ದೂರಿನ ಸಂಖ್ಯೆಯನ್ನು ಬಿಲ್ಲಿನ ಹಿಂದೆ ಬರೆದಿಡಿ.

ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಬೋರ್ಡು ಹಾಕಿದ ಅಂಗಡಿಗಳನ್ನು ನೋಡಿದ್ದೀರಿ. ಬಿಲ್ ಕೊಡದೇ ಇರುವುದು ಅನುಚಿತ ವ್ಯಾಪಾರ ಎಂದು ಇದೇ ಕಾಯ್ದೆ ಹೇಳಿದೆ. ದೋಷವಿದ್ದ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದೂ ಅನುಚಿತ ವ್ಯಾಪಾರವೇ. ಜಿಎಸ್‌ಟಿ ಉಳಿಯುತ್ತದೆ ಎಂದು ಬಿಳಿ ಚೀಟಿಯ ಮೇಲೆ ಲ್ಯಾಪ್‌ಟಾಪ್ ತರಬೇಡಿ. ನಾಳೆ ಆ ಚೀಟಿ ಯಾವ ಬಾಗಿಲನ್ನೂ ತೆರೆಸುವುದಿಲ್ಲ.

ಆನ್‌ಲೈನ್ ಅಂಗಡಿ ಇಟ್ಟ ಅಣ್ಣತಮ್ಮಂದಿರಿಗೆ ಒಂದು ಮಾತು. ಅಂಗಡಿಗೆ ತಂದ ಲ್ಯಾಪ್‌ಟಾಪಿಗೆ ಗ್ರಾಹಕರ ಕಾಯ್ದೆ ಹತ್ತುವುದಿಲ್ಲ ಎಂದು ನಿಮ್ಮನ್ನು ಹೆದರಿಸಬಹುದು. ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡು, ಸ್ವತಃ ಬಳಸುವ ವಸ್ತುವಿಗೆ ನೀವು ಗ್ರಾಹಕರೇ ಎಂದು ಕಾಯ್ದೆಯ ವಿವರಣೆಯಲ್ಲೇ ಇದೆ.

ವಾರಂಟಿ ಮುಗಿಯುವ ಮೊದಲೇ ಎಚ್ಚರ

ಕೆಟ್ಟ ಮೇಲೆ ಹೋರಾಡುವುದಕ್ಕಿಂತ ಹನ್ನೊಂದನೇ ತಿಂಗಳಿನಲ್ಲಿ ಒಂದು ಸಂಜೆ ಕೂಡುವುದು ಸುಲಭ. ನಿಮ್ಮ ಲ್ಯಾಪ್‌ಟಾಪಿನ ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಎಂದಿಗೆ ಮುಗಿಯುತ್ತದೆ ನೋಡಿ. ಎಷ್ಟೋ ಸಲ ಅವರ ಲೆಕ್ಕ ಮಾಲು ಕಾರ್ಖಾನೆ ಬಿಟ್ಟ ದಿನದಿಂದ ಶುರುವಾಗಿರುತ್ತದೆ, ನೀವು ಕೊಂಡ ದಿನದಿಂದಲ್ಲ. ಬಿಲ್ ಕಳಿಸಿ ತಾರೀಖು ತಿದ್ದಿಸಿಕೊಳ್ಳಿ. ಅಂಗಡಿಯಲ್ಲಿ ಎರಡು ತಿಂಗಳು ಕೂತ ಲ್ಯಾಪ್‌ಟಾಪಿನ ಎರಡು ತಿಂಗಳ ಖಾತ್ರಿ ನಿಮಗೆ ಸಲ್ಲಬೇಕಾದದ್ದು.

ಡಿಸ್ಕಿನೊಳಗೇ ಅದರ ಆರೋಗ್ಯದ ಲೆಕ್ಕ ಇರುತ್ತದೆ, ಸ್ಮಾರ್ಟ್ ಎಂದು ಅದಕ್ಕೆ ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಬಿಟ್ಟಿ ಸಾಫ್ಟ್‌ವೇರ್ ಹಾಕಿದರೆ ಅದನ್ನು ಓದಿ ತೋರಿಸುತ್ತದೆ. ಎಚ್ಚರಿಕೆ ಎಂದು ಬಂದರೆ ಆ ಪರದೆಯ ಫೋಟೋ ತೆಗೆದು, ವಾರಂಟಿ ಇರುವಾಗಲೇ ಬರಹದಲ್ಲಿ ದೂರು ಕೊಡಿ. ಅವಧಿಯೊಳಗೆ ಕೊಟ್ಟ ದೂರನ್ನು ಅವಧಿ ಮುಗಿದಿದೆ ಎಂದು ತಳ್ಳಲು ಬರುವುದಿಲ್ಲ. ಆದರೆ ಚೆನ್ನಾಗಿದೆ ಎಂದು ತೋರಿಸಿದರೆ ನಿಶ್ಚಿಂತೆಯಿಂದ ಇರಬೇಡಿ. ಗೂಗಲ್ ಕಂಪನಿಯ ತಜ್ಞರು 1 ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಬರೆದ ವರದಿಯ ಪ್ರಕಾರ, ಕೆಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡಿಸ್ಕ್‌ಗಳು ಮುಖ್ಯವಾದ ನಾಲ್ಕು ಮುನ್ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ.

ಅದಕ್ಕೇ ಎರಡನೇ ಪ್ರತಿ ಬೇಕೇ ಬೇಕು. ಕಂಪನಿ ಡಿಸ್ಕ್ ಬದಲಿಸಿ ಕೊಟ್ಟೀತು, ಒಳಗಿದ್ದದ್ದನ್ನು ಯಾವ ವಾರಂಟಿಯೂ ವಾಪಸ್ ಕೊಡುವುದಿಲ್ಲ. ಮಕ್ಕಳ ನೋಟ್ಸನ್ನು ಗೂಗಲ್ ಡ್ರೈವಿನಲ್ಲಿ 15 ಜಿಬಿವರೆಗೆ ಬಿಟ್ಟಿಯಾಗಿ ಇಡಬಹುದು. ಅಂಕಪಟ್ಟಿಗಳಿಗೆ ಡಿಜಿಲಾಕರ್ ಇದೆ. ಹಿರಿಯರ ಧ್ವನಿ, ಮದುವೆಯ ಫೋಟೋ, ಹೊಲದ ಪಹಣಿ, ಇವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ ಬೇರೆ ಮನೆಯಲ್ಲಿ, ಅಕ್ಕನ ಮನೆಯಲ್ಲೋ ಮಾವನ ಮನೆಯಲ್ಲೋ ಇಡಿ. ಪೆನ್ ಡ್ರೈವ್ ಒಂದನ್ನೇ ನೆಚ್ಚಬೇಡಿ, ಅದೂ ಕೆಡುತ್ತದೆ.

ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಲ್ಯಾಪ್‌ಟಾಪನ್ನು ಕೌದಿಯ ಮೇಲೆ, ಹಾಸಿಗೆಯ ಮೇಲೆ ಇಟ್ಟು ನಡೆಸಿದರೆ ಗಾಳಿಕಿಂಡಿ ಮುಚ್ಚಿ ಒಳಗೆ ಕಾವು ಏರುತ್ತದೆ. ಹಲಗೆಯ ಮೇಲಿಡಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಬರೀ ವೈರಿನ ಮೇಲೆ ನಡೆಸಿದರೆ ಕರೆಂಟ್ ಹೋದ ಪ್ರತಿ ಸಲ ಡಿಸ್ಕ್ ಬರೆಯುತ್ತಿದ್ದ ಕೆಲಸದ ನಡುವೆಯೇ ನಿಂತುಬಿಡುತ್ತದೆ, ಎಸ್‌ಎಸ್‌ಡಿಗೆ ಇದು ಬಹಳ ಕೆಟ್ಟದ್ದು. ಹಳೇ ಮಾದರಿಯ ತಿರುಗುವ ಡಿಸ್ಕ್ ಇದ್ದರೆ ಆನ್ ಇಟ್ಟುಕೊಂಡು ಬಸ್ಸಿನಲ್ಲಿ ತೊಡೆಯ ಮೇಲೆ ಇಡಬೇಡಿ. ಅದರ ಓದುವ ತುದಿ ತಟ್ಟೆಯಿಂದ ನಮ್ಮ ಕೂದಲಿನ ದಪ್ಪದ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಒಂದು ಗುಂಡಿ ಸಾಕು. ಇನ್ನು ಹೊಸದು ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಡಿಸ್ಕನ್ನು ಬಿಚ್ಚಿ ಬದಲಿಸಲು ಬರುತ್ತದೆಯೋ, ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದಾರೋ? ಬೆಸೆದಿದ್ದರೆ ಡಿಸ್ಕ್ ಹೋದ ದಿನ ಇಡೀ ಬೋರ್ಡಿನ ಖರ್ಚು ಬೀಳುತ್ತದೆ. ತೀರಾ ಅಗ್ಗದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಹೀಗಿರುತ್ತದೆ.

ನಾವು ಕೇಳಬೇಕಾದದ್ದು

ಯುರೋಪಿನ ಒಕ್ಕೂಟದಲ್ಲಿ 1999ರ ನಿಯಮದ ಕಾಲದಿಂದಲೂ ಮಾರಿದ ವಸ್ತುವಿಗೆ ಮಾರಾಟಗಾರ ಕನಿಷ್ಠ 2 ವರ್ಷ ಹೊಣೆ. ಅದೇ ಕಂಪನಿಗಳು ಅಲ್ಲಿ ಎರಡು ವರ್ಷದ ಹೊಣೆ ಹೊತ್ತೂ ವ್ಯಾಪಾರ ಮಾಡುತ್ತವೆ. ನಮ್ಮ ದೇಶದ ಕಾಯ್ದೆಯಲ್ಲಿ ಲ್ಯಾಪ್‌ಟಾಪಿಗೆ ಇಷ್ಟು ವರ್ಷ ಖಾತ್ರಿ ಕೊಡಲೇಬೇಕು ಎಂಬ ಅಂಕಿ ಇಲ್ಲ. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ಕೇಂದ್ರ ಸರಕಾರ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಒಳ್ಳೆಯ ಕೆಲಸ. ಆದರೆ ಅವಧಿಯ ಪ್ರಶ್ನೆ ಹಾಗೇ ಉಳಿದಿದೆ.

ನಾವು ಕೇಳುವುದು ಹೆಚ್ಚೇನಲ್ಲ. ಲ್ಯಾಪ್‌ಟಾಪಿನ ಡಿಸ್ಕಿಗೆ ಕಾಯ್ದೆಯಿಂದಲೇ ಕನಿಷ್ಠ 2 ವರ್ಷದ ಖಾತ್ರಿ ಬರಲಿ. ಬಿಡಿಯಾಗಿ ಮಾರುವ ಡಿಸ್ಕಿಗೆ ಕೊಡುವ ವಾರಂಟಿಯನ್ನೇ ಒಳಗೆ ಕೂಡಿಸಿ ಮಾರುವ ಡಿಸ್ಕಿಗೂ ಕೊಡಲಿ. ಕೆಟ್ಟ ಡಿಸ್ಕ್ ಕೊಂಡವರಿಗೇ ವಾಪಸ್ ಸಿಗಲಿ.

ಕಂಪನಿ ಎಂದಾದರೂ ತಪ್ಪು ಒಪ್ಪುತ್ತದೆಯೇ ಎಂದು ಕೇಳುವವರಿಗೆ: 2012-13ರಲ್ಲಿ ಮಾರಿದ ಮ್ಯಾಕ್‌ಬುಕ್ ಏರ್‌ಗಳ ಕೆಲವು ಡಿಸ್ಕ್‌ಗಳು ಕೆಡುತ್ತಿವೆ ಎಂದು 2013ರ ಅಕ್ಟೋಬರಿನಲ್ಲಿ ಆಪಲ್ ಒಪ್ಪಿಕೊಂಡು ಬಿಟ್ಟಿಯಾಗಿ ಬದಲಿಸಿ ಕೊಟ್ಟಿತು. ಒಬ್ಬರ ಡಿಸ್ಕ್ ಕೆಟ್ಟರೆ ನಿಮ್ಮ ನಸೀಬು ಎನ್ನುತ್ತಾರೆ. ಒಂದೇ ಮಾದರಿಯ ಹತ್ತು ಡಿಸ್ಕ್ ಒಂದೇ ಹೊತ್ತಿಗೆ ಕೆಟ್ಟಿವೆ ಎಂದು ಹತ್ತು ಬಿಲ್ ಇಟ್ಟರೆ ಅದು ತಯಾರಿಕೆಯ ದೋಷದ ಸಾಕ್ಷಿ. ಒಂದೇ ಬಗೆಯ ನಷ್ಟವಾದ ಹಲವರ ಪರವಾಗಿ ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಹಾಕಲು 35ನೇ ಕಲಮಿನಲ್ಲಿ ದಾರಿ ಇದೆ. ಬಹಳ ಜನ ಗ್ರಾಹಕರ ಹಕ್ಕಿಗೆ ಧಕ್ಕೆಯಾದಾಗ ಬೀದರ ಜಿಲ್ಲಾಧಿಕಾರಿಗಳಿಗೆ ಬರಹದಲ್ಲಿ ದೂರು ಕೊಡಬಹುದು, ಅವರು ವಿಚಾರಣೆ ಮಾಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು.

ಆದ್ದರಿಂದ ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಕೊಹಿನೂರ ಗ್ರಾಮ ಪಂಚಾಯಿತಿ ಮುಂದಿನ ಅಂಗಳಕ್ಕೆ ಬನ್ನಿ. ವಾರಂಟಿ ಮುಗಿದ ಮೇಲೆ ಡಿಸ್ಕ್ ಕೆಟ್ಟವರು ಬಿಲ್, ವಾರಂಟಿ ಕಾರ್ಡು, ಇದ್ದರೆ ಸತ್ತ ಡಿಸ್ಕ್, ಮೂರನ್ನೂ ತನ್ನಿ. ಯಾವ ಕಂಪನಿ, ಯಾವ ಮಾದರಿ, ಕೊಂಡ ದಿನ, ಕೆಟ್ಟ ದಿನ, ಕಟ್ಟಿದ ದುಡ್ಡು, ಇಷ್ಟನ್ನು ಒಂದೇ ವಹಿಯಲ್ಲಿ ಬರೆಯುತ್ತೇವೆ. ಕೆಡದೇ ಇದ್ದವರೂ ಲ್ಯಾಪ್‌ಟಾಪ್ ತನ್ನಿ, ಕಂಪ್ಯೂಟರ್ ಬಲ್ಲ ನಮ್ಮೂರ ಹುಡುಗ ಹುಡುಗಿಯರು ಡಿಸ್ಕಿನ ಆರೋಗ್ಯ ನೋಡಿ ಹೇಳುತ್ತಾರೆ, ಎರಡನೇ ಪ್ರತಿ ಮಾಡುವುದನ್ನು ಕಲಿಸುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ಪ್ರತಿಯೊಬ್ಬರೂ ಒಂದೊಂದು ಪೋಸ್ಟ್ ಕಾರ್ಡ್ ತನ್ನಿ. ದಿಲ್ಲಿಯಲ್ಲಿರುವ ಗ್ರಾಹಕ ವ್ಯವಹಾರಗಳ ಇಲಾಖೆಗೆ ನಮ್ಮ ಮೂರು ಬೇಡಿಕೆಗಳನ್ನು ಅಲ್ಲೇ ಕೂತು ಬರೆದು, ಅದೇ ದಿನ ಅಂಚೆ ಡಬ್ಬಿಗೆ ಹಾಕೋಣ.

ಓದಲು ಬಾರದ ಹಿರಿಯರಿಗೆ ಇದನ್ನು ಓದಿ ಹೇಳಿ. ಭಾನುವಾರ ಬರುವಾಗ ಬಿಲ್ ಮರೆಯಬೇಡಿ.